ರ‍್ಯಾಂಪ್: ಬಳಕೆಗೆ ತಕ್ಕ ಇಳಿಜಾರು

ಮೆಟ್ಟಿಲು ಹತ್ತಲಾಗದವರಿಗೆ ಕಟ್ಟಡದ ಬಾಗಿಲು ತೆರೆಯುವುದು ರ‍್ಯಾಂಪ್, ಅಂದರೆ ಇಳಿಜಾರು ದಾರಿ. ಅದರ ಉಪಯುಕ್ತತೆಯನ್ನು ನಿರ್ಧರಿಸುವುದು ಎತ್ತರ ಮತ್ತು ಉದ್ದಗಳ ಅನುಪಾತ.

ಗಾಲಿಕುರ್ಚಿ ಬಳಸುವವರಿಗೆ 1:12ಕ್ಕಿಂತ ಕಡಿದಾದ ಇಳಿಜಾರು ಸಲ್ಲದು. ತಲಾ 15 ಸೆಂ.ಮೀ. ಎತ್ತರದ ಮೂರು ಮೆಟ್ಟಿಲುಗಳಿಗೆ ಪರ್ಯಾಯವಾಗಿ 5.4 ಮೀಟರ್ ಉದ್ದದ ರ‍್ಯಾಂಪ್ ಅಗತ್ಯ. ಜಾಗವಿಲ್ಲವೆಂದು ಅದನ್ನು ಎರಡು ಮೀಟರಿಗೆ ಇಳಿಸಿದರೆ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುವ, ಇಳಿಯುವಾಗ ಹಿಡಿತ ತಪ್ಪುವ ಅಪಾಯವಿದೆ. ನೇರ ದಾರಿಗೆ ಸ್ಥಳ ಸಾಲದಿದ್ದಲ್ಲಿ ನಡುವೆ ಸಮತಟ್ಟಾದ ಜಾಗ ಬಿಟ್ಟು ದಾರಿಯನ್ನು ತಿರುಗಿಸಬಹುದು. ಎರಡೂ ಬದಿಯಲ್ಲಿ ಕೈಹಿಡಿಯುವ ಕಂಬಿಗಳಿದ್ದು, ಅವು ರ‍್ಯಾಂಪಿನ ಎರಡೂ ತುದಿಗಳಿಂದ 30 ಸೆಂ.ಮೀ. ಮುಂದಕ್ಕೆ ಚಾಚಿರಬೇಕು. ನೆಲ ಜಾರುವಂತಿರಬಾರದು.

ಆಸ್ಪತ್ರೆಗಳಲ್ಲಿ ಸ್ಟ್ರೆಚರ್ ಸಾಗಿಸುವ ರ‍್ಯಾಂಪಿಗೆ ಕನಿಷ್ಠ 2.4 ಮೀಟರ್ ಅಗಲವನ್ನು ಮಾದರಿ ಕಟ್ಟಡ ಉಪವಿಧಿಗಳು ಸೂಚಿಸುತ್ತವೆ. ನೆಲಮಾಳಿಗೆಯ ವಾಹನ ನಿಲುಗಡೆಗೆ 1:8ರ ಇಳಿಜಾರು ಸಾಕಾಗುವುದಾದರೂ, ಅದೇ ದಾರಿಯನ್ನು ಗಾಲಿಕುರ್ಚಿಗೂ ತೋರಿಸುವುದು ಸುರಕ್ಷಿತವಲ್ಲ.

ಸುಗಮ ಪ್ರವೇಶದ ನಿಯಮಗಳು ಕೇವಲ ಶಿಫಾರಸುಗಳಾಗಿ ಉಳಿಯಬಾರದು, ಕನಿಷ್ಠ ಮಾನದಂಡಗಳು ಕಡ್ಡಾಯವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತೀರ್ಪಿತ್ತಿತು. ಹೆಸರಿಗಷ್ಟೇ ಇರುವ ಕಡಿದಾದ ರ‍್ಯಾಂಪ್ ಈ ಆಶಯವನ್ನು ಈಡೇರಿಸದು.