ಅಯಸ್ಕಾಂತದ ಹ್ಯಾಚ್ ಮುಚ್ಚಳ

ಮನೆಯಲ್ಲಿ ಕಟ್ಟಿದ ಮರದ ಕಯಾಕ್‌ಗಳಲ್ಲಿ ಸಾಮಾನಿನ ಗೂಡಿನ ಮುಚ್ಚಳವನ್ನು ಹೊರಗೆ ಕಾಣುವ ಪಟ್ಟಿ, ಕೊಂಡಿಗಳಿಲ್ಲದೆ ಅಯಸ್ಕಾಂತಗಳಿಂದ ಹಿಡಿದಿಡುವ ವ್ಯವಸ್ಥೆ. ಸೀಡರ್ ಪಟ್ಟಿ ಅಥವಾ ತೆಳು ಪ್ಲೈವುಡ್‌ನ ಸಮುದ್ರ ಕಯಾಕ್‌ಗಳಲ್ಲಿ ಬಳಕೆ ಹೆಚ್ಚು. ಮುಚ್ಚಳವನ್ನು ಡೆಕ್‌ನಿಂದಲೇ ಕತ್ತರಿಸಿ ತೆಗೆದರೆ ಮರದ ಎಳೆಗಳ ಸಾಲು ಮುರಿಯದೆ ಸಾಗುತ್ತದೆ. ವಿಧಾನದ ನಿಜವಾದ ಸೊಗಸು ಇದೇ.

1980ರ ದಶಕದಲ್ಲಿ ಜಪಾನಿನ ಸುಮಿಟೊಮೊ ಹಾಗೂ ಅಮೆರಿಕದ ಜನರಲ್ ಮೋಟಾರ್ಸ್ ಪ್ರತ್ಯೇಕವಾಗಿ ರೂಪಿಸಿದ ನಿಯೋಡಿಮಿಯಮ್-ಕಬ್ಬಿಣ-ಬೋರಾನ್ ಅಯಸ್ಕಾಂತಗಳು ಇದಕ್ಕೆ ಆಧಾರ. ಮುಚ್ಚಳದ ಅಡಿಯಲ್ಲೂ ಹ್ಯಾಚ್ ಬಾಯಿಯ ಒಳಅಂಚಿನಲ್ಲೂ ವಿರುದ್ಧ ಧ್ರುವಗಳು ಎದುರಾಗುವಂತೆ ಬಿಲ್ಲೆಗಳನ್ನು ಕೂರಿಸಿ, ನಡುವೆ ಫೋಮ್ ಗ್ಯಾಸ್ಕೆಟ್ ಅಂಟಿಸಲಾಗುತ್ತದೆ. ಅಂತರ ಸ್ವಲ್ಪ ಹೆಚ್ಚಿದರೂ ಸೆಳೆತ ತೀವ್ರವಾಗಿ ಕುಸಿಯುವುದರಿಂದ ಕೆಲಸದ ಕಠಿಣ ಭಾಗ ಗ್ಯಾಸ್ಕೆಟ್‌ನ ಆಯ್ಕೆ: ದಪ್ಪನೆಯದು ಅಥವಾ ಗಡುಸಾದದ್ದು ಹಿಡಿತವನ್ನು ಕೆಡಿಸುತ್ತದೆ, ತೀರ ತೆಳುವಾದದ್ದು ನೀರು ಬಿಡುತ್ತದೆ. ಅಯಸ್ಕಾಂತಗಳು ಪಕ್ಕಕ್ಕೆ ಸುಲಭವಾಗಿ ಜಾರುತ್ತವೆ. ಆ ಜಾರುವಿಕೆಯನ್ನು ಮುಚ್ಚಳ ಕೂರುವ ಡೆಕ್‌ನ ತಗ್ಗಿನ ಅಂಚು ತಡೆಯಬೇಕು.

ನಿಕ್ಕಲ್ ಲೇಪ ಗೀರಿದರೆ ಉಪ್ಪುನೀರು ಲೋಹವನ್ನು ತುಕ್ಕು ಹಿಡಿಸುವುದರಿಂದ ಬಿಲ್ಲೆಗಳನ್ನು ಎಪಾಕ್ಸಿಯಲ್ಲಿ ಪೂರ್ತಿ ಹುದುಗಿಸುತ್ತಾರೆ. ಸಾಮಾನ್ಯ ದರ್ಜೆಯವು ಸುಮಾರು 80 ಡಿಗ್ರಿ ಸೆಲ್ಸಿಯಸ್ ಮೀರಿದರೆ ಕಾಂತತ್ವ ಕಳೆದುಕೊಳ್ಳತೊಡಗುತ್ತವೆ. ಸಮೀಪದ ಡೆಕ್ ದಿಕ್ಸೂಚಿಯೂ ತಪ್ಪು ದಿಕ್ಕು ತೋರಬಹುದು.

ಬಿಸಿಲಿಗೆ ಹಿಗ್ಗಿದ ಗಾಳಿ ಮುಚ್ಚಳವನ್ನು ಎತ್ತದಂತೆ ಗೂಡಿನ ಅಡ್ಡಗೋಡೆಯಲ್ಲಿ ಸಣ್ಣ ರಂಧ್ರ ಕೊರೆಯುವುದುಂಟು. ಮುಚ್ಚಳ ಕಳಚಿದರೆ ಗೂಡಿಗೆ ನೀರು ನುಗ್ಗಿ ದೋಣಿಯ ತೇಲುವಿಕೆ ಕುಗ್ಗುತ್ತದೆ. ಆದ್ದರಿಂದ ಒಳಗೊಂದು ಕಟ್ಟುಹುರಿ ಅಗತ್ಯ. ಒಡೆಯುವ ಅಲೆಗಳಲ್ಲಿ ಸಾಗುವ ದೋಣಿಗಳಿಗೆ ಪಟ್ಟಿಯ ಬಿಗಿತವೇ ಹೆಚ್ಚು ನಂಬಿಕೆಯದು.