ತಾಯಿಫದಲ್ಲಿ ತಾಯಿ ಇಲ್ಲ

'ಪಾಕೀಜಾ', 'ಉಮ್ರಾವ್ ಜಾನ್' ನೋಡಿದವರಿಗೆ 'ತವಾಯಫ್' ಎಂದರೆ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಆ ಪದ ಅರಬ್ಬಿಯಲ್ಲಿ ಬಹುವಚನ ಎಂಬುದು ಮಾತ್ರ ಗೆಜ್ಜೆಯ ಸದ್ದಿನಲ್ಲಿ ಕೇಳಿಸದೇ ಹೋಗಿದೆ. ಅದರ ಏಕವಚನ 'ತಾಯಿಫ'. ಗುಂಪು, ತಂಡ, ಮೇಳ ಎಂದರ್ಥ. ಹಾಡುಕುಣಿತದ ಮೇಳ ಎಂಬರ್ಥದಲ್ಲಿ ಉರ್ದುವಿಗೆ ಬಂದದ್ದು ಕಡೆಗೆ ಒಬ್ಬಳೇ ಹೆಂಗಸಿನ ಹೆಸರಾಗಿ ಉಳಿಯಿತು. ಮರಾಠಿಗೆ ಹೋದದ್ದು 'ತಾಫಾ' ಆಯಿತು. ಬೆಳಗಾವಿಯಲ್ಲಿ ಮರಾಠಿ ಪತ್ರಿಕೆ ಓದುವವರಿಗೆ ಮಂತ್ರಿಗಳ ಹಿಂದೆ ಮುಂದೆ ಓಡುವ ಕಾರುಗಳ 'ತಾಫಾ' ಹೊಸದಲ್ಲ. ಲೆಬನಾನಿನಲ್ಲಿ ಉಳಿದುಕೊಂಡ ಏಕವಚನದ ಪಾಡು ಬೇರೆ. ಅಲ್ಲಿ ಅದು ಹುಟ್ಟಿದವರ ಹೆಸರಿನ ಮುಂದೆ ಕೂರುತ್ತದೆ, ಮದುವೆ ಮಾಡಿಸುತ್ತದೆ, ಆಸ್ತಿ ಹಂಚುತ್ತದೆ, ಸತ್ತರೆ ಹೂಳುವ ಜಾಗವನ್ನೂ ತೋರಿಸುತ್ತದೆ.

ಅರಬ್ಬಿಯಲ್ಲಿ ಈ ಪದದ ಧಾತುವಿನ ಅರ್ಥ 'ಸುತ್ತು'. ಹಜ್ ಯಾತ್ರಿಕರು ಕಾಬಾಕ್ಕೆ ಬರುವ ಪ್ರದಕ್ಷಿಣೆ 'ತವಾಫ್'. ಒಂದರ ಸುತ್ತ ನೆರೆದವರು ತಾಯಿಫ. ಆಟೊಮನ್ ಕಾಲದ ಕಡತಗಳಲ್ಲಿ ಈ ಪದಕ್ಕೆ ಮಡಿವಂತಿಕೆ ಇರಲಿಲ್ಲ. ದರ್ಜಿಗಳ ಸಂಘವೂ ತಾಯಿಫ, ಸೂಫಿಗಳ ಗುಂಪೂ ತಾಯಿಫ. ಲೆಬನಾನಿನ ಬೆಟ್ಟಸೀಮೆಯಲ್ಲಿ ಆಗ ಮನುಷ್ಯರನ್ನು ಬೇರೆಮಾಡುತ್ತಿದ್ದುದು ಮತಕ್ಕಿಂತ ಹೆಚ್ಚಾಗಿ ಅಂತಸ್ತು ಎಂದು ಇತಿಹಾಸಕಾರ ಉಸಾಮ ಮಕ್ದಿಸಿ ವಾದಿಸುತ್ತಾರೆ: ಶಿಯಾ ಇಸ್ಲಾಮಿನಿಂದ ಕವಲೊಡೆದ ದ್ರೂಜ್ ಮತ್ತು ಕ್ರೈಸ್ತ ಮಾರೊನೈಟ್ ಜಮೀನುದಾರರು ಒಂದು ಕಡೆ, ಎರಡೂ ಮತಗಳ ಉಳುವವರು ಇನ್ನೊಂದು ಕಡೆ. ನನಗೂ ಇದು ಒಪ್ಪಿಗೆಯಾಗುವ ಮಾತು. 1860ರ ದ್ರೂಜ್–ಮಾರೊನೈಟ್ ಕೊಲೆಗಳ ನಂತರ ಯುರೋಪಿನ ರಾಜ್ಯಗಳು ನಡುವೆ ಬಂದು 1861ರಲ್ಲಿ ಹೊಸ ಆಡಳಿತ ಏರ್ಪಡಿಸಿದವು. ಹನ್ನೆರಡು ಜನರ ಆಡಳಿತ ಮಂಡಳಿಯಲ್ಲಿ ಕೊನೆಗೆ ನೆಲೆನಿಂತ ಲೆಕ್ಕ ಇದು: ಮಾರೊನೈಟರಿಗೆ ನಾಲ್ಕು, ದ್ರೂಜರಿಗೆ ಮೂರು, ಆರ್ಥೊಡಾಕ್ಸರಿಗೆ ಎರಡು, ಗ್ರೀಕ್ ಕ್ಯಾಥೊಲಿಕ್, ಶಿಯಾ, ಸುನ್ನಿಗಳಿಗೆ ಒಂದೊಂದು. ಅಲ್ಲಿಂದ ಮುಂದೆ ತಾಯಿಫ ಎಂದರೆ ಕುರ್ಚಿ.

ಈಗ ಸರ್ಕಾರ ಒಪ್ಪಿಕೊಂಡಿರುವ ತಾಯಿಫಗಳು ಹದಿನೆಂಟು, ಅವುಗಳಲ್ಲಿ ಹನ್ನೆರಡು ಕ್ರೈಸ್ತರವೇ. ದೊಡ್ಡದು ಮಾರೊನೈಟರದು. ಸಂತ ಮಾರೊನನ ಹೆಸರಿನವರು, ರೋಮಿನ ಪೋಪರನ್ನು ಒಪ್ಪುವವರು, ಆದರೂ ಪೂಜೆಯ ಮುಖ್ಯ ಮಾತುಗಳನ್ನು ಇಂದಿಗೂ ಸಿರಿಯಾಕ್ ಭಾಷೆಯಲ್ಲಿ ಹೇಳುವವರು. ಬೆಳ್ತಂಗಡಿ ಕಡೆಯ ಸಿರಿಯನ್ ಕ್ರೈಸ್ತರು ತಮ್ಮ ಪೂಜೆಯನ್ನು 'ಕುರ್ಬಾನ' ಎನ್ನುತ್ತಾರಲ್ಲ, ಮಾರೊನೈಟರು ಹೇಳುವ 'ಕುರ್ಬೊನೊ' ಅದೇ ಪದ. ನಂತರ ಬರುವವರು 'ರೂಮ್'ಗಳು. ಲೋಕ ಇವರನ್ನು ಗ್ರೀಕ್ ಆರ್ಥೊಡಾಕ್ಸರು ಎನ್ನುತ್ತದೆ. ಅವರು ಮನೆಯಲ್ಲಿ ಆಡುವುದು ಅರಬ್ಬಿ, ತಮ್ಮನ್ನು ಕರೆದುಕೊಳ್ಳುವುದು ರೋಮನ್ನರೆಂದು. ಕಾನ್‌ಸ್ಟಾಂಟಿನೋಪಲ್ ಬಿದ್ದು ಐನೂರು ವರ್ಷ ಕಳೆದರೂ ಬೈಜಾಂಟಿಯಂ ಅವರ ಹೆಸರಿನಲ್ಲಿ ಬಾಳುತ್ತಿದೆ. 1724ರಲ್ಲಿ ಇವರಲ್ಲೇ ಒಂದು ಪಾಲು ರೋಮಿನ ಕಡೆ ವಾಲಿ 'ರೂಮ್ ಕ್ಯಾಥೊಲಿಕ್' ಆಯಿತು. ಸಿರಿಯಾಕರಲ್ಲೂ ಅರ್ಮೇನಿಯನ್ನರಲ್ಲೂ ಇಂಥದೇ ಕವಲು. ಉಳಿದವರು ಅಸ್ಸೀರಿಯನ್ನರು, ಕಾಲ್ಡಿಯನ್ನರು, ಲ್ಯಾಟಿನ್ನರು, ಪ್ರಾಟೆಸ್ಟಂಟರು ಮತ್ತು ಎಲ್ಲರಿಗಿಂತ ಕಡೆಗೆ, 1996ರಲ್ಲಿ, ಪಟ್ಟಿಗೆ ಬಂದ ಕಾಪ್ಟರು.

ಕನ್ನಡದ ಕಿವಿಗೆ ತಾಯಿಫದಲ್ಲಿ ತಾಯಿ ಕೇಳಿಸುತ್ತಾಳೆ. ಕಾನೂನಿನಲ್ಲಿ ಅವಳಿಗೆ ಜಾಗವಿಲ್ಲ. ಮಗು ತಂದೆಯ ತಾಯಿಫಕ್ಕೆ ಸೇರುತ್ತದೆ, ರಾಷ್ಟ್ರೀಯತೆಯೂ ತಂದೆಯದೇ. ಲೆಬನಾನಿನ ಹೆಂಗಸು ಪರದೇಶದವನನ್ನು ಮದುವೆಯಾದರೆ ಮಕ್ಕಳಿಗೆ ತನ್ನ ನಾಡನ್ನು ಕೊಡಲಾರಳು. ಮದುವೆಯಾದ ಮೇಲೆ ಅವಳ ದಾಖಲೆಯೂ ಗಂಡನ ಮನೆಯ ಪುಟಕ್ಕೆ ಹೋಗುತ್ತದೆ.

ಇಂಥ ಪದವನ್ನು ಬಾಯಿಬಿಟ್ಟು ಕೇಳುವಂತಿಲ್ಲ. ಅದಕ್ಕೇ ಬೈರೂತಿನವರು 'ಮಿನ್ ಬೇತ್ ಮೀನ್?' ಎನ್ನುತ್ತಾರೆ. ಯಾರ ಮನೆಯವರು? ಅದೂ ಸಾಲದಿದ್ದರೆ ಯಾವ ಊರು? ನಮ್ಮಲ್ಲಿ 'ತಾವು ಯಾವ ಪೈಕಿ' ಎಂದು ನಯವಾಗಿ ಕೇಳಿ, ಉತ್ತರ ಬರುವ ಮೊದಲೇ ತಲೆಯಾಡಿಸುವವರಿಗೆ ಈ ಆಟ ಕಲಿಸಬೇಕಾಗಿಲ್ಲ. ಎಲೀ, ಜಾರ್ಜ್, ಪಿಯೆರ್ ಎಂದರೆ ಕ್ರೈಸ್ತ. ಒಮರ್ ಎಂದರೆ ಸುನ್ನಿ. 1975ರಲ್ಲಿ ಹೊತ್ತಿದ ಅಂತರ್ಯುದ್ಧದ ಕಾಲದಲ್ಲಿ ಈ ನಯವೂ ಬೇಕಾಗಲಿಲ್ಲ, ಏಕೆಂದರೆ ಗುರುತಿನ ಚೀಟಿಯ ಮೇಲೆಯೇ ಮತ ಬರೆದಿತ್ತು. 1975ರ ಡಿಸೆಂಬರ್ 6ರ ಶನಿವಾರ ಕ್ರೈಸ್ತ ಫಲಾಂಜ್ ಪಕ್ಷದ ಬಂದೂಕಿನವರು ಬೈರೂತಿನ ರಸ್ತೆಗಳಲ್ಲಿ ಚೀಟಿ ನೋಡಿ ಮುಸ್ಲಿಮರನ್ನು ಕೊಂದರು. ಯುದ್ಧದ ಆ ಹದಿನೈದು ವರ್ಷ ಎಲ್ಲ ಕಡೆಯವರೂ ಇದನ್ನು ಮಾಡಿದರು. ಹಾಗೆಂದು ತಾಯಿಫ ಒಂದಾದರೆ ಜೀವ ಉಳಿಯುತ್ತದೆ ಎಂಬ ಭರವಸೆಯೂ ಇರಲಿಲ್ಲ. 1990ರಲ್ಲಿ ಮಾರೊನೈಟ್ ದಳಪತಿ ಔನ್ ಮತ್ತು ಮಾರೊನೈಟ್ ಮುಖಂಡ ಜಅಜಅರ ಪಡೆಗಳು ಕ್ರೈಸ್ತರ ಬೀದಿಗಳಲ್ಲೇ ಗುಂಡು ಹಾರಿಸಿಕೊಂಡವು.

ಇದೇ ನಾಡಿನ ಟೈರ್ ಪಟ್ಟಣದಲ್ಲಿ ಇನ್ನೊಂದು ಕತೆ ಹೇಳುತ್ತಾರೆ. ಒಬ್ಬ ಕ್ರೈಸ್ತ ಐಸ್‌ಕ್ರೀಮ್ ಮಾರುತ್ತಿದ್ದ. ಅವನ ಕೈಯದು ಮೈಲಿಗೆ, ತಿನ್ನಬಾರದು ಎಂಬ ಮಾತು ಹಬ್ಬಿ ವ್ಯಾಪಾರ ಕೆಟ್ಟಿತು. ಶಿಯಾ ಗುರು ಮೂಸಾ ಸದ್ರ್ ಶುಕ್ರವಾರದ ನಮಾಜು ಮುಗಿಸಿ, ಹಿಂದೆ ಜನ ಬರುತ್ತಿರುವಂತೆಯೇ, ಆ ಅಂಗಡಿಗೆ ಹೋಗಿ ಕೂತು ಐಸ್‌ಕ್ರೀಮ್ ತಿಂದರು. ಧರ್ಮಶಾಸ್ತ್ರದ ಚರ್ಚೆ ಅಷ್ಟಕ್ಕೇ ಮುಗಿಯಿತು. 1975ರ ಫೆಬ್ರವರಿಯಲ್ಲಿ, ಯುದ್ಧಕ್ಕೆ ಎರಡು ತಿಂಗಳೂ ಉಳಿದಿಲ್ಲದಾಗ, ಇದೇ ಸದ್ರ್ ಬೈರೂತಿನ ಕಪುಚಿನ್ ಚರ್ಚಿನಲ್ಲಿ ಕ್ರೈಸ್ತರ ತಪಸ್ಸಿನ ಕಾಲದ ಪ್ರವಚನ ಕೊಟ್ಟರು. 1978ರಲ್ಲಿ ಲಿಬಿಯಾಕ್ಕೆ ಹೋದವರು ಮರಳಿ ಬರಲಿಲ್ಲ. ಹರೀಸಾ ಬೆಟ್ಟದ ಮರಿಯಮ್ಮನ ಬಳಿಗೆ ಮುಸ್ಲಿಂ ಹೆಂಗಸರು ಹರಕೆ ಹೊತ್ತು ಹೋಗುವುದು ಇಂದಿಗೂ ಇದೆ. ಮರಿಯಮ್ಮನಿಗೆ ದೇವದೂತ ಸುದ್ದಿ ತಂದ ಮಾರ್ಚ್ 25 ಎರಡೂ ಮತದವರ ಹಬ್ಬವೆಂದು 2010ರಿಂದ ಸರ್ಕಾರಿ ರಜೆ. ಕುರ್‌ಆನಿನಲ್ಲೂ ಆ ಪ್ರಸಂಗ ಇರುವುದರಿಂದ ಯಾರೂ ಯಾರಿಗೂ ಏನೂ ಬಿಟ್ಟುಕೊಡಬೇಕಾಗಲಿಲ್ಲ.

ತಾಯಿಫಕ್ಕೆ ಅಂಟಿದ ಪ್ರತ್ಯಯದಿಂದ ಹುಟ್ಟಿದ್ದು 'ತಾಯಿಫಿಯ್ಯ'. ನಮ್ಮ ಪತ್ರಿಕೆಗಳು ಇದನ್ನು 'ಕೋಮುವಾದ' ಎಂದು ಬರೆಯುತ್ತವೆ, ತಪ್ಪೇನಿಲ್ಲ. ಆದರೆ ನಮ್ಮ 'ಕೋಮು' ಕೂಡ ಅರಬ್ಬಿಯ 'ಕೌಮ್' ತಾನೇ. ಬೈರೂತಿನಲ್ಲಿ ಒಬ್ಬನನ್ನು 'ಕೌಮಿ' ಎಂದರೆ ರಾಷ್ಟ್ರವಾದಿ ಎಂದರ್ಥ. ಅದರಲ್ಲೂ ಆರ್ಥೊಡಾಕ್ಸ್ ಕ್ರೈಸ್ತನಾದ ಅಂತೂನ್ ಸಆದೆ 1932ರಲ್ಲಿ ಕಟ್ಟಿದ ಪಕ್ಷದವನು ಎಂದು ಕೇಳಿದವರು ತಿಳಿಯುತ್ತಾರೆ. ಮತವನ್ನು ರಾಜ್ಯದಿಂದ ದೂರ ಇಡಬೇಕೆಂಬುದು ಆ ಪಕ್ಷದ ತತ್ವ. ಅಂದರೆ ಅಲ್ಲಿ ಕೋಮಿನವನು ಕೋಮುವಾದದ ವಿರೋಧಿ! ಸಆದೆಯನ್ನು ಸರ್ಕಾರ 1949ರಲ್ಲಿ ಗುಂಡಿಟ್ಟು ಕೊಂದಿತು.

ಅಧ್ಯಕ್ಷ ಮಾರೊನೈಟ್, ಪ್ರಧಾನಿ ಸುನ್ನಿ, ಸಂಸತ್ತಿನ ಸಭಾಧ್ಯಕ್ಷ ಶಿಯಾ ಎಂಬುದು 1943ರ ಬಾಯಿಮಾತಿನ ಒಪ್ಪಂದದಿಂದ ಬಂದ ರೂಢಿ. 1932ರಲ್ಲಿ ಜನಗಣತಿ ನಡೆದದ್ದೇ ಕೊನೆ, ಆಮೇಲೆ ಎಣಿಸುವ ಧೈರ್ಯ ಯಾರಿಗೂ ಬರಲಿಲ್ಲ. ಯುದ್ಧ ನಿಲ್ಲಿಸಲು 1989ರಲ್ಲಿ ಸಂಸದರು ಸೌದಿಯ ಒಂದು ಊರಿನಲ್ಲಿ ಸೇರಿ ಕುರ್ಚಿಗಳನ್ನು ಕ್ರೈಸ್ತರಿಗೆ ಅರ್ಧ, ಮುಸ್ಲಿಮರಿಗೆ ಅರ್ಧ ಮಾಡಿಕೊಂಡರು. ರಾಜಕೀಯದಿಂದ ತಾಯಿಫಿಯ್ಯವನ್ನು ತೆಗೆದುಹಾಕುವುದು ದೇಶದ ಗುರಿ ಎಂದೂ ಬರೆದರು. ಆ ಊರಿನ ಹೆಸರು ತಾಯಿಫ್. ಅದೂ 'ಸುತ್ತು' ಧಾತುವಿನದೇ.

ಈಗಿನ 128 ಸ್ಥಾನಗಳಲ್ಲಿ ಮಾರೊನೈಟರಿಗೆ 34. ಸಣ್ಣಪುಟ್ಟ ಕ್ರೈಸ್ತ ತಾಯಿಫಗಳಿಗೆಲ್ಲ ಸೇರಿ 'ಅಲ್ಪಸಂಖ್ಯಾತರು' ಎಂಬ ಒಂದೇ ಸ್ಥಾನ. ಆದರೆ ಮತದಾರರು ತಮ್ಮ ತಾಯಿಫದವರಿಗೇ ಓಟು ಹಾಕಬೇಕೆಂದಿಲ್ಲ. ಶಿಯಾ ಓಟಿನಿಂದ ಮಾರೊನೈಟ್ ಗೆಲ್ಲಬಹುದು. ಹೊರಗಿನವರು ಈ ವ್ಯವಸ್ಥೆಯನ್ನು ಬೈಯುವಾಗ ಇದನ್ನು ಮರೆಯುತ್ತಾರೆ.

ಜನ ಇದರೊಳಗೇ ದಾರಿ ಮಾಡಿಕೊಂಡಿದ್ದಾರೆ. ಮಾರೊನೈಟರಲ್ಲಿ ವಿಚ್ಛೇದನ ಸಿಗುವುದು ದುಸ್ತರವೆಂದು ಆರ್ಥೊಡಾಕ್ಸರಾಗುವವರಿದ್ದಾರೆ. ಹೆಣ್ಣುಮಕ್ಕಳಷ್ಟೇ ಇರುವ ಸುನ್ನಿ ತಂದೆ, ಆಸ್ತಿ ಅಣ್ಣತಮ್ಮಂದಿರ ಪಾಲಾಗದಿರಲೆಂದು ಶಿಯಾ ಆಗುವುದೂ ಉಂಟು. ಬೇರೆ ಬೇರೆ ತಾಯಿಫದ ಪ್ರೇಮಿಗಳು ಸೈಪ್ರಸ್ಸಿಗೆ ವಿಮಾನ ಹತ್ತಿ ನಾಗರಿಕ ವಿವಾಹವಾಗಿ ಬರುತ್ತಾರೆ. ದೇಶದೊಳಗೆ ಮಾಡದ ಮದುವೆಯನ್ನು ಸರ್ಕಾರ ಹೊರಗಿನಿಂದ ತಂದರೆ ಒಪ್ಪುತ್ತದೆ.

2009ರಲ್ಲಿ ಗೃಹಮಂತ್ರಿ ಜಿಯಾದ್ ಬಾರೂದ್, ಬೇಡವಾದವರು ದಾಖಲೆಯಿಂದ ತಾಯಿಫವನ್ನು ತೆಗೆಸಬಹುದು ಎಂದು ಸುತ್ತೋಲೆ ಹೊರಡಿಸಿದರು. ತೆಗೆಸಿದವರ ಹೆಸರಿನ ಮುಂದೆ ಒಂದು ಓರೆಗೆರೆ ಬಿತ್ತು. ಹಾಗೆ ತೆಗೆಸಿದ ಜೋಡಿಯೊಂದು 2013ರಲ್ಲಿ ಬೈರೂತಿನಲ್ಲೇ ನಾಗರಿಕ ವಿವಾಹವನ್ನು ನೋಂದಾಯಿಸಿತು. ಅವರು ಹಿಡಿದದ್ದು ಫ್ರೆಂಚರ ಆಳ್ವಿಕೆಯ ಕಾಲದ 1936ರ ಆಜ್ಞೆಯನ್ನು, ಅಂದರೆ ತಾಯಿಫಗಳ ಪಟ್ಟಿ ಮಾಡಿದ ಆಜ್ಞೆಯನ್ನೇ. ಯಾವ ಪಟ್ಟಿಗೂ ಸೇರದವರಿಗೆ ಅದರಲ್ಲೊಂದು ಸಂದಿ ಉಳಿದಿತ್ತು. ಇಂಥವರು ಸಂಸತ್ತಿಗೆ ನಿಲ್ಲಬೇಕೆಂದರೆ ಯಾವ ಕುರ್ಚಿಗೆ ನಿಲ್ಲುವುದು, ಪ್ರತಿ ಕುರ್ಚಿಯೂ ಒಂದು ತಾಯಿಫದ್ದಲ್ಲವೇ ಎಂಬ ಪ್ರಶ್ನೆ ಹಾಗೇ ನಿಂತಿದೆ. ಅಲ್ಲಿಯ ಜನ ಮಾತ್ರ ಇವರಿಗೆ ಹೆಸರಿಡಲು ತಡಮಾಡಲಿಲ್ಲ: ಹತ್ತೊಂಬತ್ತನೆಯ ತಾಯಿಫ.