ಪ್ರಸಂಗ ಎಂತ? ಕಾಲ್ಪನಿಕ ಆಟದ ಬಗ್ಗೆ ನಮ್ಮೂರಿನ ಹಳೇ ಜಗಳ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಆಟ ಇದೆ ಎಂದು ಯಾರಾದರೂ ಹೇಳಿದರೆ ತಕ್ಷಣ ಬರುವ ಪ್ರಶ್ನೆ ಎರಡು. "ಯಾವ್ ಮೇಳ?" ಮತ್ತು "ಪ್ರಸಂಗ ಎಂತ?" ಎರಡನೇ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಮನೆ ಎರಡಾಗುತ್ತದೆ. ಕರ್ಣಪರ್ವ ಎಂದರೆ ಅಜ್ಜ ಟಾರ್ಚು ಹುಡುಕುತ್ತಾರೆ. ಈ ವರ್ಷದ ಹೊಸ ಕಾಲ್ಪನಿಕ ಪ್ರಸಂಗ ಎಂದರೆ ಅಜ್ಜ ಚಾದರ ಎಳೆದುಕೊಳ್ಳುತ್ತಾರೆ, ಮೊಮ್ಮಕ್ಕಳು ಬೈಕ್ ಹೊರಗೆ ತೆಗೆಯುತ್ತಾರೆ.

ಈ ಜಗಳ ನಿನ್ನೆ ಮೊನ್ನೆಯದಲ್ಲ. ಎಪ್ಪತ್ತು, ಎಂಬತ್ತರ ದಶಕದಿಂದ ಹೋಟೆಲಿನ ಬೆಂಚಿನ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ, ಪತ್ರಿಕೆಗಳ ಓದುಗರ ಪತ್ರಗಳಲ್ಲಿ ನಡೆದುಕೊಂಡೇ ಬಂದಿದೆ. ಮಾಯಾ ರಾಜ್ಯ, ನಾಗಲೋಕ, ಶಾಪ, ವಿಮೋಚನೆ ಇರುವ ದೊಡ್ಡ ಕಥೆಗಳನ್ನು ಜನ ಹೇಗೆ ಓದುತ್ತಾರೆ, ಯಾಕೆ ಕೆಲವರು ಮೆಚ್ಚುತ್ತಾರೆ, ಕೆಲವರು ಮೂಗು ಮುರಿಯುತ್ತಾರೆ ಎಂಬ ಚರ್ಚೆ ನಮ್ಮಲ್ಲಿ ನಡೆದದ್ದು ಕಾದಂಬರಿಯ ಸುತ್ತ ಅಲ್ಲ, ಡೇರೆಯ ಸುತ್ತ. ಅದರ ಇತಿಹಾಸವನ್ನು ನಮಗೆ ತಿಳಿದಷ್ಟು ಇಲ್ಲಿ ಜೋಡಿಸಿದ್ದೇವೆ.

ಹರಕೆಯ ಆಟ, ಟಿಕೆಟ್ಟಿನ ಆಟ

ಹೊರಗಿನ ಓದುಗರಿಗಾಗಿ ಮೊದಲು ಒಂದು ಮಾತು. ನಮ್ಮಲ್ಲಿ ಬಡಗುತಿಟ್ಟಿನ ಮೇಳಗಳು ಎರಡು ಬಗೆ. ಒಂದು ಹರಕೆ ಮೇಳ. ಬ್ರಹ್ಮಾವರ ತಾಲೂಕಿನ ಮಂದಾರ್ತಿ ದುರ್ಗಾಪರಮೇಶ್ವರಿ ದೇವಸ್ಥಾನದಿಂದಲೇ ಐದು ಮೇಳ ಹೊರಡುತ್ತವೆ. ಹರಕೆ ಹೊತ್ತವರು ಖರ್ಚು ಭರಿಸುತ್ತಾರೆ, ನೋಡುವವರಿಗೆ ದುಡ್ಡಿಲ್ಲ. ಇನ್ನೊಂದು ಡೇರೆ ಮೇಳ. ಸಾಲಿಗ್ರಾಮ, ಪೆರ್ಡೂರು, ಕೋಟದ ಅಮೃತೇಶ್ವರಿ ಹೆಸರಿನ ಮೇಳಗಳು ಊರೂರಿಗೆ ಡೇರೆ ಹೊತ್ತು, ನೆಲ, ಕುರ್ಚಿ, ಆರಾಮ ಕುರ್ಚಿ ಎಂದು ದರ ಕಟ್ಟಿ ಟಿಕೆಟ್ ಮಾರಿದವು.

ಹರಕೆ ಆಟದಲ್ಲಿ ಪ್ರಸಂಗವನ್ನು ಆರಿಸುವವರು ಸೇವಾಕರ್ತರು. ಹೆಚ್ಚಾಗಿ ಅದು ಕ್ಷೇತ್ರ ಮಹಾತ್ಮೆ ಅಥವಾ ಪುರಾಣದ ಕಥೆ. ಡೇರೆಯಲ್ಲಿ ಪ್ರಸಂಗವನ್ನು ಆರಿಸುವುದು ಗೇಟಿನ ಕಲೆಕ್ಷನ್. ಒಂದೇ ಊರಿಗೆ ಪ್ರತಿ ವರ್ಷ ಬರುವ ಮೇಳ ಅದೇ ಗದಾಯುದ್ಧವನ್ನೇ ತಂದರೆ ನೆಲದ ಟಿಕೆಟ್ ಖಾಲಿ ಉಳಿಯಬಹುದು. ಹೀಗಾಗಿ "ಈ ವರ್ಷದ ಹೊಸ ಪ್ರಸಂಗ" ಎಂಬ ಸಾಲು ಪೋಸ್ಟರಿಗೆ ಬಂತು. ಜೀಪಿನ ಮೈಕಿನವನ ಬಾಯಿಗೂ ಬಂತು. ಮಾಡಿದ ಸಾಲ ತೀರಬೇಕು, ಕಲಾವಿದರಿಗೆ ಸಂಬಳ ಕೊಡಬೇಕು ಎಂಬ ಲೆಕ್ಕ ಅದರ ಹಿಂದಿತ್ತು. ಇದನ್ನು ಬಿಟ್ಟು ಬರೇ ಕಲೆಯ ವಾದ ಮಾಡಿದರೆ ಕಥೆ ಅರ್ಧವಾಗುತ್ತದೆ.

ಕಾರಂತರ ಊರಲ್ಲೇ

ಯಕ್ಷಗಾನದ ಶುದ್ಧತೆಯ ಬಗ್ಗೆ ಗಟ್ಟಿಯಾಗಿ ಮಾತಾಡಿದವರೂ ಇದೇ ಊರಿನವರು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' 1957ರಲ್ಲಿ ಬಂತು. 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಕಾದಂಬರಿಕಾರನೊಬ್ಬನಿಗೆ ಆಟದ ಬಗ್ಗೆ ಬರೆದ ಪುಸ್ತಕಕ್ಕಾಗಿ ಆ ಪ್ರಶಸ್ತಿ ಬಂದದ್ದು ನಮ್ಮ ಕಡೆಯವರಿಗೆ ಇವತ್ತಿಗೂ ಹೆಮ್ಮೆ. ಹಳೆಯ ಓಲೆಗರಿಗಳನ್ನು ಹುಡುಕುತ್ತಾ ಹೋದ ಅವರಿಗೆ ಸಿಕ್ಕಿದ ಪ್ರಸಂಗಗಳಲ್ಲಿ 1564ರ 'ವಿರಾಟಪರ್ವ'ವೂ ಒಂದು. ಅದರ ಕವಿ ಅಜಪುರದ ವಿಷ್ಣು. ಅಜಪುರ ಎಂದರೆ ನಮ್ಮ ಬ್ರಹ್ಮಾವರ.

ಡೇರೆಯ ಆಟ ಹಿಡಿದ ದಾರಿ ಕಾರಂತರಿಗೆ ಸಮಾಧಾನ ಕೊಡಲಿಲ್ಲ. ಆದರೆ ಅವರು ಹಳೆಯದನ್ನು ಹಾಗೇ ಕಟ್ಟಿಟ್ಟವರೂ ಅಲ್ಲ. ಮಾತು ಕಡಿಮೆ ಮಾಡಿ, ನೃತ್ಯಕ್ಕೆ ಹೆಚ್ಚು ಜಾಗ ಕೊಟ್ಟು, ಹಿಮ್ಮೇಳಕ್ಕೆ ಹೊಸ ವಾದ್ಯ ಸೇರಿಸಿ ಯಕ್ಷಗಾನ ಬ್ಯಾಲೆ ಮಾಡಿದರು. ಆಗ ಅವರನ್ನೂ ಊರವರು ಟೀಕಿಸಿದರು. ಅಂದರೆ ಜಗಳದ ಎರಡೂ ಕಡೆಯವರು ಬದಲಾವಣೆಗೆ ಕೈ ಹಾಕಿದವರೇ. ಒಬ್ಬರು ರಂಗವನ್ನು ಬದಲಿಸಿದರು, ಇನ್ನೊಬ್ಬರು ಕಥೆಯನ್ನು.

ಚಿತ್ರಾವತಿ, ನಾಗಶ್ರೀ

ಕಾಲ್ಪನಿಕ ಪ್ರಸಂಗ ಎಂದಾಗ ನಮ್ಮ ಹಿರಿಯರ ಬಾಯಲ್ಲಿ ಮೊದಲು ಬರುವ ಹೆಸರು ಎರಡು. ಕಂದಾವರ ರಘುರಾಮ ಶೆಟ್ಟರ 'ಚೆಲುವೆ ಚಿತ್ರಾವತಿ' ಮತ್ತು ಗುಂಡ್ಮಿ ಕಾಳಿಂಗ ನಾವಡರ 'ನಾಗಶ್ರೀ'. ಎರಡೂ ಸಾಲಿಗ್ರಾಮ ಮೇಳದ ಡೇರೆಯಲ್ಲಿ ಜನ ತುಂಬಿಸಿದ ಆಟಗಳು.

ನಾವಡರ ಬಗ್ಗೆ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. 1958ರಲ್ಲಿ ಹುಟ್ಟಿದ ಅವರು ನಾರಣಪ್ಪ ಉಪ್ಪೂರರ ಗರಡಿಯಲ್ಲಿ ಪಳಗಿ, ಚಿಕ್ಕ ಪ್ರಾಯದಲ್ಲೇ ಭಾಗವತರಾದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದಾಗ ಅವರಿಗೆ ಮೂವತ್ತರ ಆಸುಪಾಸು. ಅವರ ಪದ್ಯದ ಕ್ಯಾಸೆಟ್ ಇಲ್ಲದ ರಿಕ್ಷಾ ಇರಲಿಲ್ಲ ಎಂದು ನಮ್ಮ ಅಪ್ಪಂದಿರು ಹೇಳುತ್ತಾರೆ. ಅಷ್ಟು ಹೆಸರಿನ ಭಾಗವತರು ಪೌರಾಣಿಕ ಪ್ರಸಂಗವನ್ನು ಹಾಡಿ ಗೆದ್ದವರು, ಆಮೇಲೆ ತಾವೇ ಕೂತು ಹೊಸ ಕಥೆ ಬರೆದರು. ಕಾಲ್ಪನಿಕ ಪ್ರಸಂಗ ಬಂದದ್ದು ಹಾಡಲು ಬಾರದವರಿಂದ, ಆಟ ಗೊತ್ತಿಲ್ಲದವರಿಂದ ಎಂಬ ಮಾತಿಗೆ ಇದೇ ಉತ್ತರ.

ಬೇಡ ಎನ್ನುವವರು

ಬೇಡ ಎನ್ನುವವರ ವಾದವನ್ನು ಹಳೇ ಕಾಲದವರ ಗೊಣಗಾಟ ಎಂದು ತಳ್ಳಿಹಾಕುವುದು ಸುಲಭ. ನಾವೂ ಒಂದು ಕಾಲಕ್ಕೆ ಹಾಗೇ ಮಾಡಿದ್ದೆವು. ಸಾಲಿಗ್ರಾಮದ ಬದಿಯ ಹಿರಿಯರೊಬ್ಬರ ಜಗಲಿಯಲ್ಲಿ ಕೂತಾಗ ಅವರು ಹೇಳಿದ ಒಂದು ಮಾತು ನಮ್ಮನ್ನು ತಡೆಯಿತು. ಗೊತ್ತಿರುವ ಕಥೆಯನ್ನೇ ಮತ್ತೆ ಮತ್ತೆ ನೋಡಲು ಬೇಜಾರಾಗುವುದಿಲ್ಲವೇ ಎಂದು ಕೇಳಿದ್ದೆವು.

"ಕಥಿ ಗೊತ್ತಿಪ್ದಕ್ಕೇ ಹೋಪುದ್ ಮಾರಾಯಾ. ಗೊತ್ತಿಲ್ದಿರೆ ಅವ ಹೇಳದ್ದ್ ಸಮ ಅಂಬುದ್ ಹ್ಯಾಂಗ್ ಗೊತ್ತಾತ್ತ್?"

ಇದು ದೊಡ್ಡ ಮಾತು. ಯಕ್ಷಗಾನದಲ್ಲಿ ಪದ್ಯ ಮಾತ್ರ ಬರೆದಿಟ್ಟದ್ದು, ಮಾತು ಕಲಾವಿದನದ್ದು. ಕರ್ಣ ಸಾಯುತ್ತಾನೆ ಎಂದು ಎಲ್ಲರಿಗೂ ಗೊತ್ತು. ಸಾಯುವ ಮೊದಲು ಇವತ್ತಿನ ಕರ್ಣ ಕೃಷ್ಣನಿಗೆ ಏನು ಪ್ರಶ್ನೆ ಹಾಕುತ್ತಾನೆ, ಇವತ್ತಿನ ಕೃಷ್ಣ ಅದಕ್ಕೆ ಏನು ಹೇಳುತ್ತಾನೆ ಎಂದು ಕೇಳಲು ಜನ ಕೂರುತ್ತಾರೆ. ನೋಡುವವನ ತಲೆಯಲ್ಲೂ ಮಹಾಭಾರತ ಇರುವುದರಿಂದ ಅವನು ತೂಕ ಹಾಕಬಲ್ಲ. ನಿನ್ನೆ ಹುಟ್ಟಿದ ರಾಜಕುಮಾರನಿಗೆ ಆ ಹಿನ್ನೆಲೆ ಇಲ್ಲ. ಆಗ ಕಲಾವಿದ ವಾದದ ಬದಲು ಹಾಸ್ಯಕ್ಕೆ, ಕುಣಿತಕ್ಕೆ, ಕಣ್ಣೀರಿಗೆ ವಾಲುತ್ತಾನೆ. ಹಾಸ್ಯಗಾರನ ಮಾತು ಎಲ್ಲೆ ದಾಟಿತು, ಸಿನಿಮಾ ಕಥೆಗೇ ಕಿರೀಟ ತೊಡಿಸಿದರು ಎಂಬ ದೂರುಗಳೆಲ್ಲ ಇದೇ ಬೇರಿನಿಂದ ಬಂದವು. ಅವುಗಳಲ್ಲಿ ಹಲವು ನಿಜವೇ.

ಬೇಕು ಎನ್ನುವವರು

ಬೈಂದೂರು ಬದಿಯ ಅಮ್ಮ ಒಬ್ಬರು ಇದಕ್ಕೆ ಸರಿ ಎದುರು ಕೂತವರು. ಗೇರುಬೀಜ ಕಾರ್ಖಾನೆಯಲ್ಲಿ ದುಡಿದವರು, ಈಗ ಎಪ್ಪತ್ತರ ಹತ್ತಿರ. ಅವರು ಡೇರೆಗೆ ಹೋಗುತ್ತಿದ್ದದ್ದು ಅಕ್ಕಪಕ್ಕದ ಮನೆಯ ಹೆಂಗಸರ ಜೊತೆ, ನೆಲದ ಟಿಕೆಟ್ಟಿಗೆ.

"ದ್ರೌಪದಿ ಕಷ್ಟ ನಂಗ್ ಬಾಯಿಪಾಠ ಮಗಾ. ಆ ಹೆಣ್ಣಿಗ್ ಎಂತಾತ್ತ್ ಅಂಬುದ್ ಗೊತ್ತಿರ್ಲಿಲ್ಲ. ಅದ್ಕೇ ಬೆಳಿಗ್ಗಿನ್ ತನಕ ನಿದ್ರಿ ಬರ್ಲಿಲ್ಲ."

ಅವರಿಗೆ ಬೇಕಾದದ್ದು ಮುಂದೇನು ಎಂಬ ಕುತೂಹಲ. ಓದು ಬಾರದ, ಧಾರಾವಾಹಿ ಓದಲು ವಾರಪತ್ರಿಕೆ ಸಿಗದ, ಟಿವಿ ಇನ್ನೂ ಮನೆಗೆ ಬಾರದ ಕಾಲದಲ್ಲಿ ಹೊಸ ಪ್ರಸಂಗವೇ ಅವರ ಕಾದಂಬರಿ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಚಿತ್ರಾವತಿ, ನಾಗಶ್ರೀ ಎಂದು ಹೆಣ್ಣಿನ ಹೆಸರನ್ನೇ ಹೊತ್ತ ಪ್ರಸಂಗಗಳು ಡೇರೆಯಲ್ಲಿ ಎದ್ದು ಕಂಡವು. ಹಳೆಯ ಪ್ರಸಂಗಗಳ ಪಟ್ಟಿಯಲ್ಲಿ ಕಾಳಗಗಳದ್ದೇ ಸಾಲು. ಸ್ತ್ರೀವೇಷ ಮಾಡುವ ಕಲಾವಿದನಿಗೂ ರಾತ್ರಿಯಿಡೀ ಕಥೆ ಎಳೆಯುವ ಪಾತ್ರ ಸಿಕ್ಕಿತು.

ಹೊರಗಿನ ಲೋಕದಲ್ಲೂ ಇಂಥದ್ದೇ ನಡೆದಿದೆ. 1954 ಮತ್ತು 1955ರಲ್ಲಿ ಇಂಗ್ಲೆಂಡಿನ ಟೋಲ್ಕಿನ್ 'ಲಾರ್ಡ್ ಆಫ್ ದ ರಿಂಗ್ಸ್' ಕಥೆಯನ್ನು ಮೂರು ಸಂಪುಟಗಳಲ್ಲಿ ಹೊರತಂದಾಗ ಕವಿ ಆಡೆನ್ ಅದನ್ನು ಹೊಗಳಿದರು. ಅಮೆರಿಕದ ದೊಡ್ಡ ವಿಮರ್ಶಕ ಎಡ್ಮಂಡ್ ವಿಲ್ಸನ್ ಅದು ಮಕ್ಕಳಾಟ ಎಂಬಂತೆ 1956ರಲ್ಲಿ ಬರೆದರು. ಓದುಗರು ಮಾತ್ರ ಇಬ್ಬರ ತೀರ್ಪಿಗೂ ಕಾಯದೆ ಓದಿಕೊಂಡು ಹೋದರು.

ಯಾವುದು ಪುರಾಣ?

ಇನ್ನು ಇತಿಹಾಸಕ್ಕೆ ಬರೋಣ. "ಪುರಾಣದಲ್ಲಿ ಇಲ್ಲದ ಕಥೆ ಬೇಡ" ಎಂಬುದು ಒಂದು ಕಡೆಯವರ ಮುಖ್ಯ ಮಾತು. ಆದರೆ ಅವರು ಮೆಚ್ಚುವ ಪ್ರಸಂಗಗಳನ್ನೇ ಒಮ್ಮೆ ನೋಡಿ.

ಚಂದ್ರಹಾಸನ ಕಥೆ ವ್ಯಾಸಭಾರತದಲ್ಲಿ ಇಲ್ಲ. ದುಷ್ಟಬುದ್ಧಿಯ ಪತ್ರದಲ್ಲಿದ್ದ 'ವಿಷ'ವನ್ನು ವಿಷಯೆ ತನ್ನ ಕಣ್ಣಿನ ಕಾಡಿಗೆಯಿಂದ ತಿದ್ದಿ 'ವಿಷಯೆ' ಮಾಡಿಕೊಂಡದ್ದು ಜೈಮಿನಿ ಭಾರತದ ಕಥೆ, ಕನ್ನಡಿಗರಿಗೆ ಲಕ್ಷ್ಮೀಶನ ಮೂಲಕ ಬಂದದ್ದು. ಕಾದ ಎಣ್ಣೆಯ ಕೊಪ್ಪರಿಗೆಗೆ ಬಿದ್ದೂ ಬದುಕಿದ ಸುಧನ್ವ, ಹೆಂಗಸರೇ ಆಳುವ ರಾಜ್ಯದ ಪ್ರಮೀಳೆ ಕೂಡ ಅಲ್ಲಿಂದಲೇ ಬಂದವರು. ರಾಮಲಕ್ಷ್ಮಣರನ್ನು ಪಾತಾಳಕ್ಕೆ ಕದ್ದೊಯ್ಯುವ ಮೈರಾವಣ ವಾಲ್ಮೀಕಿಯಲ್ಲಿ ಇಲ್ಲ. ಗಯನೆಂಬ ಗಂಧರ್ವನ ನೆಪದಲ್ಲಿ ಕೃಷ್ಣ ಮತ್ತು ಅರ್ಜುನ ಎದುರುಬದುರಾಗುವ ಕೃಷ್ಣಾರ್ಜುನ ಕಾಳಗ ವ್ಯಾಸರದ್ದಲ್ಲ. ಬಲರಾಮನ ಮಗಳು ಅಭಿಮನ್ಯುವಿನ ಕೈಹಿಡಿಯುವ ಕನಕಾಂಗಿ ಕಲ್ಯಾಣವೂ ಅಷ್ಟೇ.

ಇವೆಲ್ಲ ಒಂದು ಕಾಲಕ್ಕೆ ಯಾರೋ ಸೇರಿಸಿದ ಕಥೆಗಳು. ಮಾಯೆ ಇದೆ, ಪಾತಾಳ ಇದೆ, ಬದಲಾದ ಪತ್ರ ಇದೆ, ಸತ್ತವರು ಏಳುತ್ತಾರೆ. ಹೊಸ ಪ್ರಸಂಗದ ಮೇಲೆ ಹೊರಿಸುವ ಆರೋಪಗಳೆಲ್ಲ ಇವಕ್ಕೂ ಒಪ್ಪುತ್ತವೆ. ವ್ಯತ್ಯಾಸ ಒಂದೇ, ಇವನ್ನು ತಲೆಮಾರುಗಳು ಕೂತು ನೋಡಿವೆ. ನೋಡಿ ನೋಡಿ ಜಗಲಿಯ ಹಿರಿಯರು ಹೇಳಿದ ಆ "ಗೊತ್ತಿಪ್ಪ ಕಥಿ" ಆಗಿವೆ.

ಹಾಗೆಂದು ಆ ಹಿರಿಯರ ವಾದ ಬಿದ್ದುಹೋಗುವುದಿಲ್ಲ. ಅವರು ಕೇಳಿದ್ದು ಕಥೆಯ ಮೂಲವನ್ನಲ್ಲ, ಕಥೆ ಎಲ್ಲರಿಗೂ ಗೊತ್ತಿದೆಯೇ ಎಂಬುದನ್ನು. ಹೊಸ ಪ್ರಸಂಗಕ್ಕೂ ಆ ಅವಕಾಶ ಉಂಟು, ಅದನ್ನು ಎರಡನೇ ಸಲ, ಹತ್ತನೇ ಸಲ ಆಡಿದರೆ. 'ನಾಗಶ್ರೀ'ಗೆ ಆದದ್ದು ಅದೇ. ಈಗಲೂ ಅದನ್ನು ಹೆಸರು ಹೇಳಿ ಆಡಿಸುವವರಿದ್ದಾರೆ. ಅಷ್ಟೇ ಅಲ್ಲ, ಈಗಿನ ಹೊಸ ಪ್ರಸಂಗಗಳನ್ನು ಬೈಯುವಾಗ "ಕಾಲ್ಪನಿಕ ಅಂದ್ರೆ ನಾಗಶ್ರೀ ಕಣಾ, ಈಗಿನದ್ದು ಎಂತ?" ಎನ್ನುವವರನ್ನು ನಾವೇ ಕೇಳಿದ್ದೇವೆ. ಒಂದು ಕಾಲದ ಆರೋಪಿ ಈಗ ಸಾಕ್ಷಿಯ ಕಟಕಟೆಯಲ್ಲಿ ನಿಂತಿದೆ. ಒಂದೇ ಸೀಸನ್ನಿಗೆ ಬಂದು ಹೋದ ಉಳಿದ ಪ್ರಸಂಗಗಳಿಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ. ಅವುಗಳಲ್ಲಿ ಒಳ್ಳೆಯದು ಎಷ್ಟಿತ್ತು ಎಂದು ಈಗ ಹೇಳುವವರು ಯಾರು?

ಉಳಿದದ್ದು, ಉಳಿಯದ್ದು

ನಮಗೆ ಚಿಂತೆ ಹತ್ತಿದ್ದು ಇಲ್ಲಿ. ಪೌರಾಣಿಕ ಪ್ರಸಂಗಗಳನ್ನು ಉಡುಪಿಯ ಪಾವಂಜೆ ಗುರುರಾಯರ ಪ್ರಕಾಶನದಂಥವು ಕಳೆದ ಶತಮಾನದ ಮೊದಲ ಭಾಗದಲ್ಲೇ ಅಚ್ಚು ಮಾಡಿದವು. ಈಗ ಯಕ್ಷಗಾನದ ಆಸಕ್ತರು ಅಂಥ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಓದುವಂತೆ ಇಟ್ಟಿದ್ದಾರೆ. ದೊಡ್ಡ ಕೆಲಸ ಅದು. ಡೇರೆಯ ಕಾಲ್ಪನಿಕ ಪ್ರಸಂಗಗಳ ಪಾಡು ಬೇರೆ. ಕೆಲವು ಅಚ್ಚಾದವು. ಹಲವು ಭಾಗವತರ ನೋಟು ಪುಸ್ತಕದಲ್ಲೇ ಉಳಿದವು. ಗೆದ್ದ ಕಥೆಯನ್ನು ಬೇರೆ ಮೇಳ ಎತ್ತಿಕೊಂಡೀತು ಎಂಬ ಭಯವೂ ಇತ್ತು. ಈಗ ಆ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲಿಗೆ ಕಾಯುತ್ತಿವೆ.

ಕಥೆಗಿಂತ ಬೇಗ ಹೋಗುವುದು ಜನರ ಅಭಿಪ್ರಾಯ. ವಿಮರ್ಶಕರ ಮಾತು ಪುಸ್ತಕದಲ್ಲಿದೆ. ನೆಲದ ಟಿಕೆಟ್ಟಿನವರ ಮಾತು ಎಲ್ಲಿದೆ? ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸ್ಟ್ರಿಂಗರ್‌ಗಳಾಗಿ ನಾವು ಎಷ್ಟೋ ಆಟಗಳ ಸುದ್ದಿ ಕಳಿಸಿದ್ದೇವೆ. ಇಂಥ ಮೈದಾನದಲ್ಲಿ ಇಂಥ ಮೇಳದಿಂದ ಇಂಥ ಪ್ರಸಂಗ "ಪ್ರದರ್ಶನಗೊಂಡಿತು", ಗಣ್ಯರು ಉಪಸ್ಥಿತರಿದ್ದರು. ವೇದಿಕೆಯಲ್ಲಿ ಕೂತವರ ಹೆಸರು ಒಂದೂ ಬಿಡಲಿಲ್ಲ. ಬೆಳಗಿನ ಜಾವ ಮಗುವನ್ನು ಸೆರಗಲ್ಲಿ ಮಲಗಿಸಿಕೊಂಡು ಕೊನೆಯ ಪದ್ಯದ ತನಕ ಕೂತವರನ್ನು ಆಟ ಹೇಗಾಯಿತು ಎಂದು ಒಬ್ಬರನ್ನೂ ಕೇಳಲಿಲ್ಲ.

ಈಗ ರಾತ್ರಿಯಿಡೀ ನಡೆಯುತ್ತಿದ್ದ ಆಟ ಹಲವು ಕಡೆ ಕಾಲಮಿತಿಗೆ ಬಂದಿದೆ, ನಡುರಾತ್ರಿಗೆ ಮುಗಿಯುತ್ತದೆ. ಡೇರೆ ಮೇಳಗಳು ಬೆರಳೆಣಿಕೆಗೆ ಇಳಿದಿವೆ. ಎಂಬತ್ತರ ದಶಕದಲ್ಲಿ ಆ ಆಟಗಳನ್ನು ನೋಡಿದ ಯುವಕರು ಈಗ ಅಜ್ಜಂದಿರು. ಅವರನ್ನು ಇನ್ನು ಹತ್ತು ವರ್ಷ ಬಿಟ್ಟು ಕೇಳಿದರೆ ಆಗದು.

ಹಾಗಾಗಿ ನಾವು ಕೆಲವರು ಸೇರಿ ಒಂದು ಕೆಲಸ ಶುರು ಮಾಡಿದ್ದೇವೆ. ಸುದ್ದಿಗೆಂದು ಹೋದ ಊರಲ್ಲಿ ಹಿರಿಯರು ಸಿಕ್ಕಿದರೆ ಮೂರು ಪ್ರಶ್ನೆ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ನೋಡಿದ ಪ್ರಸಂಗ ಯಾವುದು, ಯಾರ ಜೊತೆ ಹೋಗಿದ್ದಿರಿ, ಇಷ್ಟವಾಯಿತೇ ಇಲ್ಲವೇ ಮತ್ತು ಯಾಕೆ. ಬೈದವರ ಮಾತನ್ನೂ, ಹೊಗಳಿದವರ ಮಾತನ್ನೂ ಒಂದೇ ಫೋಲ್ಡರಿನಲ್ಲಿ ಇಡುತ್ತಿದ್ದೇವೆ. ಇದುವರೆಗೆ ಹನ್ನೊಂದು ಜನ ಆಗಿದ್ದಾರೆ.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಆಟದ ಹ್ಯಾಂಡ್‌ಬಿಲ್, ಪ್ರಸಂಗದ ನೋಟು ಪುಸ್ತಕ, ಹಾಡು ಅಳಿಸದ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕುವ ಮೊದಲು ಒಂದು ಫೋಟೊ ತೆಗೆದಿಡಿ. ಮನೆಯಲ್ಲಿ ಡೇರೆಗೆ ಹೋಗುತ್ತಿದ್ದ ಅಜ್ಜಿ ಇದ್ದರೆ ಇವತ್ತು ಊಟ ಆದ ಮೇಲೆ ಪಕ್ಕ ಕೂತು ಕೇಳಿ: ಅಮ್ಮಾ, ಆಗ ಪ್ರಸಂಗ ಎಂತ?